ಅಮ್ಮನ ಮಾತ್ರೆ, ದೊಡ್ಡಮ್ಮನ ಹುಳ

ಆಗೆಲ್ಲ ನಮ್ಮ ಕಡೆಯ ಮನೆಗಳಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳಕ್ಕೇ ಮರ್ಯಾದೆ ಹೆಚ್ಚು. ನಡುಮನೆಯ ಒಳ್ಳೆಯ ಗಾಳಿ, ಒಳ್ಳೆಯ ಬೆಳಕು ಹುಳದ ತಟ್ಟೆಗಳಿಗೆ. ನಾವು ಉಳಿದ ಮೂಲೆಯಲ್ಲಿ ಚಾಪೆ ಹಾಸಿಕೊಂಡು, ಅವು ಸೊಪ್ಪು ತಿನ್ನುವ ಸರಸರ ಸದ್ದು ಕೇಳುತ್ತಾ ನಿದ್ದೆ ಹೋಗುತ್ತಿದ್ದೆವು. ಸಾದಲಿ, ಶಿಡ್ಲಘಟ್ಟದ ಸುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಡಿದ ಸೊಪ್ಪಿನ ವಾಸನೆ, ಸುಣ್ಣದ ವಾಸನೆ, ಚಳಿಗಾಲ ಬಂತೆಂದರೆ ಅವರೆಕಾಯಿ ಸೊಗಡು. ಅಂಥವರು ನಾಲ್ಕು ಜನ ಸೇರಿದರೆ ಸಾಕು, ಆ ಕಾಲವೇ ಚೆನ್ನಾಗಿತ್ತು ಅಂತ ನಿಟ್ಟುಸಿರು ಬಿಡುತ್ತಾರೆ. ನಾನು ಬಿಡುವುದಿಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗಿನ ಒಂದು ಅವರೆಕಾಯಿ ಕಾಲವನ್ನು ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ನಮ್ಮದು ಸಾದಲಿ ಹತ್ತಿರದ ಹಳ್ಳಿ. ಒಂದೇ ಮನೆಯಲ್ಲಿ ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ನಾನು. ದೊಡ್ಡಪ್ಪನದು ಹಿಪ್ಪುನೇರಳೆ ತೋಟ, ದೊಡ್ಡಮ್ಮನದು ಹುಳದ ಮನೆ. ಅಪ್ಪ ಶಿಡ್ಲಘಟ್ಟದ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಗಿನ ಮೊದಲ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಹೀಗಾಗಿ ಹಗಲೆಲ್ಲ ಮನೆ ದೊಡ್ಡಮ್ಮನ ಕೈಯಲ್ಲಿ. ಗಡಿಯಾಚೆಯ ತೆಲುಗು ಸೀಮೆಯಿಂದ ಬಂದ ಹೆಣ್ಣು, ಎತ್ತರದ ಆಳು, ಬಾಯಲ್ಲಿ ಸದಾ ಎಲೆ ಅಡಿಕೆ.

ಇದ್ದದ್ದನ್ನು ಹೇಳಿಬಿಡುತ್ತೇನೆ, ಹುಳದ ವಿಷಯದಲ್ಲಿ ಅವಳಂಥವಳು ಸುತ್ತ ಹತ್ತೂರಲ್ಲಿ ಇರಲಿಲ್ಲ. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಮೇಲೆತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಬೆಳೆ ಮುಗಿಯುವುದರೊಳಗೆ ನಾಲ್ಕು ಸಲ ಜ್ವರ ಬರುತ್ತದೆ. ಆಗ ದೊಡ್ಡಮ್ಮ ಕಾಲ ಬೆರಳ ತುದಿಯಲ್ಲಿ ನಡೆಯುತ್ತಿದ್ದಳು. ನಾನು ಜೋರಾಗಿ ಸೀನಿದರೂ ಬೈಗಳು. "ಜ್ವರಕ್ಕೆ ಕೂತಿರೋದನ್ನ ಎಬ್ಬಿಸಬಾರ್ದು ಕಣೇ. ತಿನ್ನು ಅಂತ ಬಲವಂತ ಮಾಡಬಾರ್ದು. ಅದಕ್ಕೆ ಬೇಕಾದಾಗ ಅದೇ ಏಳ್ತದೆ," ಅನ್ನುತ್ತಿದ್ದಳು. ಇಷ್ಟು ತಿಳಿದವಳಿಗೆ ನಮ್ಮಮ್ಮನ ವಿಷಯದಲ್ಲಿ ಮಾತ್ರ ಏನೂ ತಿಳಿಯಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಅಮ್ಮನಿಗೆ ಏನಾಗಿತ್ತು ಅಂತ ಕೇಳಿದರೆ, ಏನೂ ಆಗಿರಲಿಲ್ಲ. ಸಾವಿಲ್ಲ, ನೋವಿಲ್ಲ, ಜಗಳವಿಲ್ಲ. ಜನ ಕ್ಷಮಿಸದೆ ಹೋದದ್ದು ಅದನ್ನೇ. ದಸರಾ ಕಳೆದ ಮೇಲೆ ಒಂದು ದಿನ ಒಲೆ ಮುಂದೆ ಕೂತವಳು ಬೆಂಕಿ ಹಚ್ಚದೆ ಹಾಗೇ ಕೂತಿದ್ದಳು. ಆಮೇಲೆ ಊಟ ಬಿಟ್ಟಳು, ತಲೆ ಬಾಚುವುದು ಬಿಟ್ಟಳು. ನಲ್ಲಿಗೆ ನೀರಿಗೆ ಹೋದರೆ ಎದೆ ಡವಗುಟ್ಟಿ, ಅಂಗೈ ಬೆವೆತು, ಬಿಂದಿಗೆ ಅಲ್ಲೇ ಬಿಟ್ಟು ಓಡಿ ಬರುತ್ತಿದ್ದಳು. ಬಸ್ಸಿನ ಹಾರನ್ ಕೇಳಿದರೆ ಅಪ್ಪನಿಗೇ ಏನೋ ಆಯಿತು ಅಂತ ನಡುಗುತ್ತಿದ್ದಳು. ಗೋಡೆ ಕಡೆ ಮುಖ ಮಾಡಿ ಮಲಗಿದರೆ ನಾನು ಸ್ಕೂಲಿಂದ ಬಂದಾಗಲೂ ಅದೇ ಮಗ್ಗುಲು. ದೊಡ್ಡಮ್ಮ ಬಾಗಿಲಲ್ಲಿ ನಿಂತು, "ಎಷ್ಟು ದಿನ ಮಲಗ್ತೀಯೇ ಸರೋಜಾ? ಮೈಗಳ್ಳತನಕ್ಕೆ ರೋಗ ಅಂತ ಹೆಸರಿಟ್ರೆ ಆಯ್ತಾ?" ಅನ್ನುತ್ತಿದ್ದಳು. ಒಳಗೆ ಹುಳಗಳು ಜ್ವರಕ್ಕೆ ಕೂತಿದ್ದವು, ಅವಕ್ಕೆ ಕೇಳಿಸದ ಹಾಗೆ ಮೆಲ್ಲಗೆ ಹೇಳುತ್ತಿದ್ದಳು.

ಮೈಗಳ್ಳಿ! ನಮ್ಮೂರಲ್ಲಿ ಹಣ್ಣು ಹುಳ ಆಯುವುದಕ್ಕೆ ಅಮ್ಮನಂಥ ಕೈ ಇನ್ನೊಂದಿರಲಿಲ್ಲ. ಹುಳ ಹಣ್ಣಾದರೆ ಮೈ ಗಾಜಿನ ಹಾಗೆ ಹೊಳಪಾಗುತ್ತದೆ. ಆಗ ಒಂದೇ ದಿನದಲ್ಲಿ ಅಷ್ಟನ್ನೂ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡಬೇಕು. ಒಂದು ಮನೆಯವರ ಕೈಲಿ ಆಗುವ ಕೆಲಸವಲ್ಲ. ಅದಕ್ಕೇ ಊರಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಾನು ನಿಮ್ಮನೆ ಹುಳ ಆಯ್ದರೆ, ನಿಮ್ಮನೆಯವರು ನಾಳೆ ನಮ್ಮನೆಗೆ ಬರಬೇಕು. ಯಾರು ಹೋಗಿ ದುಡಿದಿರುತ್ತಾರೋ ಅವರೇ ಕುಂಕುಮದ ತಟ್ಟೆ ಹಿಡಿದು ಕರೆಯಬೇಕು, ಅವರ ಕರೆಗೇ ಜನ ಬರುವುದು. ನಮ್ಮ ಮನೆಯಿಂದ ವರ್ಷವೆಲ್ಲ ಹೋಗಿ ದುಡಿಯುತ್ತಿದ್ದವಳು ಅಮ್ಮ. ದೊಡ್ಡಮ್ಮ ತನ್ನ ಹುಳ ಬಿಟ್ಟು ಯಾರ ಮನೆ ಹೊಸಿಲನ್ನೂ ತುಳಿದವಳಲ್ಲ. ಆಯುವ ಹೆಂಗಸರ ನಡುವೆ ಕೂತರೆ ಅಮ್ಮನ ಮುಖವೇ ಬೇರೆ. ತಮಾಷೆ, ನಗು, ಬೇರೆಯವರ ಗುಟ್ಟು, ಎಲ್ಲ ಅಲ್ಲೇ. ಮನೆಗೆ ಬಂದ ಮೇಲೂ ಬೆರಳ ತುದಿಯಲ್ಲಿ ಹುಳದ ಹಸಿ ವಾಸನೆ ಇರುತ್ತಿತ್ತು.

ಕೊನೆಗೆ ಅಪ್ಪ ಅಮ್ಮನನ್ನು ಚಿಕ್ಕಬಳ್ಳಾಪುರದ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮೊದಲು ಕೊಟ್ಟ ಮಾತ್ರೆಗೆ ಬಾಯಿ ಒಣಗಿತು, ಬೆರಳು ನಡುಗಿತು, ಎಚ್ಚರವಾಗಿ ಕೂರುವುದೇ ಕಷ್ಟವಾಯಿತು. ಮತ್ತೆ ಹೋದಾಗ ಡಾಕ್ಟರು ಬೇರೆ ಮಾತ್ರೆ ಬರೆದರು. ಆ ಸಲ ನಾನೂ ಹೋಗಿದ್ದೆ. "ಹಳೇದನ್ನ ಒಂದೇ ಸಲ ಬಿಡೋ ಹಾಗಿಲ್ಲ. ಅದನ್ನ ಸ್ವಲ್ಪ ಸ್ವಲ್ಪ ಇಳಿಸಬೇಕು, ಹೊಸದನ್ನ ಸ್ವಲ್ಪ ಸ್ವಲ್ಪ ಏರಿಸಬೇಕು. ನಡುವೆ ಒಂದಿಷ್ಟು ದಿನ ಜಾಸ್ತಿ ಆದ ಹಾಗೇ ಕಾಣ್ತದೆ, ಹೆದರ್ಕೋಬೇಡಿ, ನಿಲ್ಲಿಸಬೇಡಿ," ಅಂದರು. ಅಪ್ಪ ತಲೆಯಾಡಿಸಿದ. ನಾನೂ ಆಡಿಸಿದೆ.

ಅಪ್ಪ ಹಗಲು ಇರುತ್ತಿರಲಿಲ್ಲವಾದ್ದರಿಂದ ಮಾತ್ರೆಯ ಜವಾಬ್ದಾರಿ ನನ್ನದಾಯಿತು. ಹೂವಿನ ಚಿತ್ರದ ಹಳೆಯ ತಗಡಿನ ಡಬ್ಬಿಯಲ್ಲಿ ಎರಡನ್ನೂ ಇಟ್ಟುಕೊಂಡೆ. ಹಳೆಯದನ್ನು ಚಾಕುವಿನಿಂದ ಅರ್ಧ ಮಾಡಿ, ಉದುರಿದ ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು ಅಮ್ಮನ ನಾಲಿಗೆಗೆ ಸವರುತ್ತಿದ್ದೆ. ನೆರೆಮನೆಯ ಹುಡುಗಿಯರು ಕುಂಟೆಬಿಲ್ಲೆ ಆಡುವಾಗ ನಾನು ಅಮ್ಮನ ಪಕ್ಕ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ. ಭಯ ಮೇಲೇರಿ ಬಂದಾಗ ಅವಳಿಗೆ ಬೆರಳಿಗೊಂದು ಕೆಲಸ ಬೇಕು ಅಂತ ನನಗೆ ಹೇಗೋ ಗೊತ್ತಾಗಿತ್ತು. "ಇದೊಂದು ಹಿತುಕಮ್ಮ. ಆಯ್ತು, ಇನ್ನೊಂದು," ಅನ್ನುತ್ತಿದ್ದೆ. ಒಂದು ಸಂಜೆ ನಾನು ಹಿತುಕಿದ ಕಾಳು ಸಿಪ್ಪೆಯಿಂದ ಚಿಮ್ಮಿ ಅಮ್ಮನ ಹಣೆಗೆ ಬಡಿಯಿತು. ಅವಳು ಇನ್ನೊಂದು ಕಾಳು ತೆಗೆದುಕೊಂಡು ನನ್ನ ಮೂಗಿಗೆ ಗುರಿಯಿಟ್ಟಳು. ತಿಂಗಳುಗಳ ಮೇಲೆ ಅವಳು ನಕ್ಕದ್ದು ಅವತ್ತು. ಆ ರಾತ್ರಿ ಹಿತಕಿದಬೇಳೆ ಸಾರಿಗೆ ಮುದ್ದೆ ಮುರಿದುಕೊಂಡು ಉಂಡಳು, ಪೂರ್ತಿ ಒಂದು ಮುದ್ದೆ.

ಅಷ್ಟರಲ್ಲಿ ಹುಳಕ್ಕೆ ಸುಣ್ಣಕಟ್ಟು ಬಿತ್ತು. ಚಳಿ, ಮೋಡ ಹೆಚ್ಚಾದರೆ ಬರುವ ರೋಗ ಅದು. ಹುಳ ಸತ್ತು ಚಾಕ್‌ಪೀಸಿನ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಕೆಲವು ತಟ್ಟೆಗಳಲ್ಲಿ ಮಾತ್ರ ಬಿದ್ದಿತ್ತು. ದೊಡ್ಡಮ್ಮ ಸತ್ತವನ್ನು ಆರಿಸಿ ಹಿತ್ತಿಲ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿದಳು. ಆದರೆ ಅವಳ ಬೆಳೆಗೆ ರೋಗ ಬರುವುದು ಉಂಟೇ? ಕಾರಣ ಬೇರೆಯವರ ಮೈಮೇಲಿಂದಲೇ ಬಂದಿರಬೇಕು.

ಹುಳ ಸಾಕುವವರಲ್ಲಿ ಒಂದು ಕಟ್ಟುಪಾಡು ಉಂಟು. ಹೊಗೆಸೊಪ್ಪು ಮುಟ್ಟಿದವರು, ಟೊಮೆಟೊಗೆ ಔಷಧಿ ಹೊಡೆದು ಬಂದವರು ಹುಳದ ಮನೆಗೆ ಕಾಲಿಡುವ ಹಾಗಿಲ್ಲ, ಸೊಪ್ಪು ಮುಟ್ಟುವ ಹಾಗಿಲ್ಲ. ಅದು ಸರಿಯಾದ ಕಟ್ಟುಪಾಡೇ, ಅಂಥ ಕೈ ಬಿದ್ದರೆ ಹುಳ ಸಾಯುತ್ತದೆ. ದೊಡ್ಡಮ್ಮ ಅದನ್ನು ಅಮ್ಮನ ಮಾತ್ರೆಗೂ ಎಳೆದಳು. ದಿನಾ ಮಾತ್ರೆ ನುಂಗುವವಳ ಬೆವರಲ್ಲಿ, ಉಸಿರಲ್ಲಿ ಆ ವಿಷ ಇರುತ್ತದೆ, ಒಂದೇ ಸೂರಿನ ಕೆಳಗಿದ್ದರೆ ಸಾಕು, ಹುಳಕ್ಕೆ ತಗಲುತ್ತದೆ ಅಂತ ಅವಳ ತೀರ್ಮಾನ.

ನನಗೆ ಇದು ಗೊತ್ತಾದದ್ದು ತಡವಾಗಿ. ಇದ್ದಕ್ಕಿದ್ದ ಹಾಗೆ ಅಮ್ಮ, "ಇನ್ಮೇಲೆ ನಿಮ್ಮಪ್ಪನೇ ಮಾತ್ರೆ ಕೊಡ್ತಾರಂತೆ, ನೀನು ಓದ್ಕೋ ಹೋಗು," ಅಂದಿದ್ದಳು. ಅಪ್ಪನ ಹತ್ತಿರ, ಮಗಳೇ ಕೊಡುತ್ತಿದ್ದಾಳೆ ಅಂದಿದ್ದಳು. ದಿನದಿಂದ ದಿನಕ್ಕೆ ಅವಳು ಕುಸಿದಳು. ತಲೆಯೊಳಗೆ ಕರೆಂಟು ಹೊಡೆದ ಹಾಗಾಗುತ್ತದೆ ಅನ್ನುವಳು, ಚಳಿಯಲ್ಲೂ ಸೆರಗು ತೊಯ್ಯುವಷ್ಟು ಬೆವರುವಳು. ಡಾಕ್ಟರು ಮೊದಲೇ ಹೇಳಿದ್ದರಲ್ಲ, ನಡುವೆ ಹೀಗಾಗುತ್ತದೆ ಅಂತ ನಾವು ಅಪ್ಪ ಮಗಳು ಧೈರ್ಯ ತಂದುಕೊಂಡೆವು. ಒಂದು ಬೆಳಿಗ್ಗೆ ಅಪ್ಪ ಹೋದ ಮೇಲೆ ನಾನು ಜಡೆ ಹೆಣೆದುಕೊಳ್ಳುತ್ತಿದ್ದಾಗ ದೊಡ್ಡಮ್ಮ ಅಡಿಕೆ ತೆಗೆಯಲು ಒಂದು ಡಬ್ಬಿ ತೆರೆದಳು. ಹೂವಿನ ಚಿತ್ರದ ತಗಡಿನ ಡಬ್ಬಿ.

"ಇದರಲ್ಲಿದ್ದ ಅಮ್ಮನ ಮಾತ್ರೆ ಎಲ್ಲಿ ದೊಡ್ಡಮ್ಮ?"

"ಗುಂಡಿಗೆ ಹಾಕ್ದೆ, ಸತ್ತ ಹುಳದ ಜೊತೆ. ಹುಳ ಚಂದ್ರಂಕಿ ಹತ್ತೋವರೆಗೂ ಈ ಮನೇಲಿ ಆ ವಿಷ ಬೇಡ ಅಂದೆ, ನಿಮ್ಮಮ್ಮ ಹೂಂ ಅಂದ್ಲು."

"ನಿಲ್ಲಿಸಬಾರ್ದು ಅಂತ ಡಾಕ್ಟ್ರು ಹೇಳವ್ರೆ."

"ಚಾಲು ಚಾಲು, ಸಾಕು ಸುಮ್ನಿರು. ಡಾಕ್ಟ್ರು ಬಂದು ನನ್ನ ಹುಳ ಸಾಕ್ತಾನಾ?" ಅಂತ ಅಡಿಕೆ ಬಾಯಿಗೆ ಹಾಕಿಕೊಂಡಳು.

ಒಳಗೆ ಹೋಗಿ ನೋಡಿದರೆ ಅಮ್ಮನ ಚಾಪೆ ಖಾಲಿ. ಹಿತ್ತಿಲಲ್ಲಿಲ್ಲ, ಬಚ್ಚಲಲ್ಲಿಲ್ಲ. ನಾನು ಒಂದು ಜಡೆ ಹೆಣೆದು, ಇನ್ನೊಂದು ಬಿಚ್ಚಿಕೊಂಡೇ ಓಡಿದೆ. ತೋಟದ ಮೂಲೆಯಲ್ಲಿ ಹಿಪ್ಪುನೇರಳೆ ಸಾಲಿನ ನಡುವೆ ಅಮ್ಮ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಅಲ್ಲಿಂದ ನಾಲ್ಕು ಹೆಜ್ಜೆಗೆ ಹಳೆಯ ಬಾವಿ. ಅವಳು ಬಾವಿ ಕಡೆ ನೋಡುತ್ತಿರಲಿಲ್ಲ, ಆದರೆ ಅದರ ಹತ್ತಿರವೇ ಕೂತಿದ್ದಳು. ಆ ನಾಲ್ಕು ಹೆಜ್ಜೆಗಾಗಿ ನಾನು ದೊಡ್ಡಮ್ಮನನ್ನು ಯಾವತ್ತೂ ಕ್ಷಮಿಸಿಲ್ಲ.

"ನನ್ನ ಕೈಲಿ ಆಗ್ತಿಲ್ಲ ಕಣಮ್ಮ," ಅಂದಳು.

"ಅಪ್ಪನ ಹತ್ರ ಹೋಗಣ ಬಾಮ್ಮ. ಬಸ್ಸಿಗೆ ಹೋಗಣ."

"ಬಸ್ಸು ಬೇಡ, ಉಸಿರು ಕಟ್ತದೆ."

"ನಾನು ಕೈ ಬಿಡಲ್ಲ."

ಕೈ ಹಿಡಿದು ಎಬ್ಬಿಸಿದೆ. ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವವರ ಗೂಡಿನ ಚೀಲಗಳಿಂದ ಬಸ್ಸು ತುಂಬಿ ಹೋಗಿತ್ತು. ಒಂದು ಸ್ಟಾಪು ದಾಟುವುದರೊಳಗೆ ಅಮ್ಮ ಇಳಿಸು ಇಳಿಸು ಅಂತ ನನ್ನ ಮಣಿಕಟ್ಟು ಹಿಂಡತೊಡಗಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಚೀಲದಲ್ಲಿ ಅವರೆಕಾಯಿ ಕಂಡಿತು. ನಾಚಿಕೆ ಬಿಟ್ಟು ಕೇಳಿದೆ. ಆಕೆ ಅಮ್ಮನ ಮುಖ ನೋಡಿ, ಏನೂ ಕೇಳದೆ ಒಂದು ಬೊಗಸೆ ತೆಗೆದು ಅಮ್ಮನ ಮಡಿಲಿಗೇ ಹಾಕಿದಳು. "ಇದೊಂದು ಸುಲಿ ಅಮ್ಮ. ಇನ್ನೊಂದು." ಅಮ್ಮ ನಡುಗುವ ಬೆರಳಲ್ಲಿ ಶಿಡ್ಲಘಟ್ಟದವರೆಗೂ ಸುಲಿದಳು. ಅಪ್ಪ ಕಚೇರಿಯಿಂದ ಹೊರಗೆ ಬಂದು ನಮ್ಮನ್ನು ಕಂಡವನು, ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕುವುದನ್ನೂ ಮರೆತ. ಅಲ್ಲಿಂದಲೇ ಚಿಕ್ಕಬಳ್ಳಾಪುರಕ್ಕೆ ಹೋದೆವು. ಡಾಕ್ಟರು ಎಲ್ಲ ಕೇಳಿ, "ಮತ್ತೆ ಮೊದಲಿಂದ ಶುರು ಮಾಡಬೇಕು," ಅಂದರು.

ಸಂಜೆ ಮನೆಗೆ ಬಂದ ಮೇಲೆ ಅಪ್ಪ ಏನಾದರೂ ಮಾಡುತ್ತಾನೆ ಅಂತ ಕಾದೆ. ಅವನು, "ಅತ್ತಿಗೆ, ನೀವು ಹಂಗೆ ಮಾಡಬಾರ್ದಿತ್ತು," ಅಂದ. ದೊಡ್ಡಮ್ಮ, "ನಿನ್ನ ಹೆಂಡ್ತಿಗೆ ಒಳ್ಳೇದಾಗ್ಲಿ ಅಂತಲೇ ಮಾಡ್ದೆ," ಅಂದಳು. ಅಪ್ಪ ಕೈ ತೊಳೆದು ಊಟಕ್ಕೆ ಕೂತ. ಅಷ್ಟೇ. ದೊಡ್ಡವರು ಮಾಡದಿದ್ದರೆ ಬಿಡಲಿ, ನಾನು ಮಾಡುತ್ತೇನೆ ಅಂದುಕೊಂಡೆ.

ಅವಕಾಶವನ್ನು ದೊಡ್ಡಮ್ಮನೇ ತಂದು ಕೈಗಿಟ್ಟಳು. ಉಳಿದ ತಟ್ಟೆಗಳ ಹುಳ ಒಂದೇ ಸಲ ಹಣ್ಣಾದವು. ಮರುದಿನ ಬೆಳಿಗ್ಗೆ ಕುಂಕುಮದ ತಟ್ಟೆ ಹಿಡಿದು ಅಮ್ಮನ ಚಾಪೆ ಹತ್ತಿರ ಬಂದಳು. "ಏಳಮ್ಮ ಸರೋಜಾ, ಒಂದು ಸುತ್ತು ಹೋಗಿ ಹೆಂಗಸರನ್ನ ಕರೆದು ಬಾ. ನೀನು ಹೋದ್ರೇನೇ ಬರೋದು." ವಿಷದ ಮೈಯವಳು ಒಂದು ರಾತ್ರಿ ಕಳೆಯುವುದರೊಳಗೆ ಅವಳ ಬಾಯಲ್ಲಿ 'ಏಳಮ್ಮ' ಆಗಿದ್ದಳು. ಅಮ್ಮ ಏಳಲು ನೋಡಿದಳು, ಗೋಡೆ ಹಿಡಿದು ನಿಂತಳು, ಮತ್ತೆ ಕೂತಳು. ಆಗ ದೊಡ್ಡಮ್ಮ ತಟ್ಟೆಯನ್ನು ನನ್ನ ಕೈಗಿತ್ತು, "ಅಮ್ಮ ಕರೀತಾಳೆ ಅಂತ ಹೇಳಿ ಬಾಮ್ಮ ಶೈಲೂ," ಅಂದಳು.

ಹೋದೆ. ಮೊದಲ ಮನೆ ವೆಂಕಟಮ್ಮನದು. ಆ ವರ್ಷ ದಸರಾವರೆಗೂ ಅವಳ ಎಲ್ಲಾ ಬೆಳೆಗೂ ಅಮ್ಮನೇ ಹೋಗಿ ಆಯ್ದಿದ್ದಳು. ತಟ್ಟೆ ಕಂಡವಳೇ ಹಣೆ ಒರೆಸಿಕೊಂಡು ಮುಂದೆ ಬಾಗಿದಳು. ನಾನು ತಟ್ಟೆ ಹಿಂದಕ್ಕೆ ಎಳೆದುಕೊಂಡೆ.

"ಏನಮ್ಮ?"

"ದೊಡ್ಡಮ್ಮ ಕರೆಯಕ್ಕೆ ಕಳಿಸಿದ್ಲು. ನಮ್ಮಮ್ಮ ಕರೀತಿಲ್ಲ."

"ಯಾಕೆ?"

ಹೇಳಿದೆ. ಮಾತ್ರೆ, ಡಬ್ಬಿ, ಗುಂಡಿ, ಬಾವಿಯ ಪಕ್ಕ ಅಮ್ಮ ಕೂತಿದ್ದದ್ದು, ಎಲ್ಲ. ವೆಂಕಟಮ್ಮ ಕೇಳಿಕೊಂಡು, ಜಾರಿದ್ದ ಸೆರಗು ಸರಿ ಮಾಡಿಕೊಂಡು, "ಸರೋಜ ಕರೀದೆ ನಾವು ಹೆಂಗೆ ಬರೋದು? ನಾವು ಬರಬೇಕಾದ್ದು ಅವಳ ಕೈಗೆ, ಅವಳ ವಾರಗಿತ್ತಿ ಕೈಗಲ್ಲ," ಅಂದಳು. ಮುಂದಿನ ಮನೆಗೆ ಹೋದೆ. ಅದರ ಮುಂದಿನ ಮನೆಗೆ ಹೋದೆ. ಹೇಳುತ್ತಾ ಹೇಳುತ್ತಾ ನನ್ನ ಗಂಟಲು ಸರಾಗವಾಯಿತು. ಕೆರೆ ಬೀದಿಗೆ ಬರುವಷ್ಟರಲ್ಲಿ ನನಗಿಂತ ಮುಂಚೆ ಸುದ್ದಿಯೇ ಹೋಗಿತ್ತು. ಕುಂಕುಮ ಒಂದು ಚೂರೂ ಕದಡದ ಹಾಗೆ ತಟ್ಟೆ ತಂದು ದೇವರ ಮುಂದೆ ಇಟ್ಟೆ.

ಬಂದವರು ಇಬ್ಬರೇ. ಅದರಲ್ಲಿ ಒಬ್ಬ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ, ಹಸಿ ಹುಳ, ಹಣ್ಣು ಹುಳ ಎಲ್ಲ ಒಂದೇ ಬುಟ್ಟಿಗೆ ಹಾಕುತ್ತಿದ್ದಳು. ದೊಡ್ಡಪ್ಪ ತೋಟ ಬಿಟ್ಟು ಬಂದು ದಪ್ಪ ಬೆರಳಲ್ಲಿ ಹುಳ ಹಿಡಿದು ಜಜ್ಜುತ್ತಿದ್ದ. ಮಧ್ಯಾಹ್ನವಾಯಿತು. ಹಣ್ಣಾದ ಹುಳ ಕಾಯುವುದಿಲ್ಲ, ತಟ್ಟೆ ಬಿಟ್ಟು ಹೊರಟವು. ಗೋಡೆ ಹತ್ತಿದವು, ಕ್ಯಾಲೆಂಡರ್ ಹತ್ತಿದವು, ದೊಡ್ಡಮ್ಮನ ಮದುವೆ ಫೋಟೋ ಹತ್ತಿದವು. ಉಳಿದವು ಹಿಕ್ಕೆ, ಕಸದ ನಡುವೆಯೇ ಒಂದರ ಮೇಲೊಂದು ಬಿದ್ದು ನೂಲತೊಡಗಿದವು. ಅಂಥ ಕೊಳಕು ಗೂಡನ್ನು ಮಾರುಕಟ್ಟೆಯಲ್ಲಿ ಯಾರೂ ಮೂಸುವುದಿಲ್ಲ. ನಾನು ಹೊಸಿಲ ಮೇಲೆ ಕೂತು ಹುರಿದ ಅವರೆಕಾಳು ತಿನ್ನುತ್ತಾ ನೋಡಿದೆ. ಹಬ್ಬದ ಹಾಗಿತ್ತು ನನಗೆ.

"ಏನಂದೆ ಊರಿಗೆ?" ದೊಡ್ಡಮ್ಮ ಬಂದು ನನ್ನ ಜಡೆ ಹಿಡಿದಳು.

"ನೀನು ಮಾಡಿದ್ದು ಅಂದೆ."

ಅವಳ ಕೈ ಎದ್ದಿತು. ಆಗ ಒಳಗಿಂದ ಅಮ್ಮ ಬಂದಳು. ನನ್ನ ಕಡೆಗೂ ನೋಡಲಿಲ್ಲ, ದೊಡ್ಡಮ್ಮನ ಕಡೆಗೂ ನೋಡಲಿಲ್ಲ. ಗೋಡೆ ಹಿಡಿದು ಹುಳದ ಮನೆಯೊಳಗೆ ಹೋಗಿ, ತಟ್ಟೆಯ ಮುಂದೆ ಕೂತು, ನಡುಗುವ ಬೆರಳಲ್ಲಿ ಒಂದು ಹಣ್ಣು ಹುಳ ಎತ್ತಿದಳು. ಅದು ಜಾರಿ ಬಿತ್ತು. ಇನ್ನೊಂದು ಎತ್ತಿದಳು. ಅವಳಿಗೆ ಸೇಡು ಬೇಕಿರಲಿಲ್ಲ, ಆ ಕೆಲಸ ಬೇಕಿತ್ತು. ಅದು ಕೆಡುತ್ತಿರುವುದನ್ನು ನೋಡಿಕೊಂಡು ಮಲಗಲು ಅವಳಿಂದ ಆಗಲಿಲ್ಲ.

"ಬೇಡ, ನೀನು ಮುಟ್ಬೇಡ," ಅಂದಳು ದೊಡ್ಡಮ್ಮ.

ಬೆಳೆ ಕಣ್ಣೆದುರೇ ಹೋಗುತ್ತಿತ್ತು, ಆಯಲು ಕೈ ಸಾಲುತ್ತಿರಲಿಲ್ಲ, ಆಗಲೂ ಆ ಮಾತು ಅಂದಳು. ಅಮ್ಮ ಕೈಯಲ್ಲಿದ್ದ ಹುಳವನ್ನು ತಟ್ಟೆಗೆ ಮೆಲ್ಲಗೆ ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ದೊಡ್ಡಮ್ಮನ ಆ ಬೆಳೆ ಒಂದು ಗೂಡೂ ಉಳಿಯದ ಹಾಗೆ ಹೋಗಲಿ ಅಂತ ಆಗ ಮನಸಾರೆ ಬೇಡಿಕೊಂಡೆ. ದೇವರು ಮಕ್ಕಳ ಮಾತು ಕೇಳುತ್ತಾನೆ ಅನ್ನುತ್ತಾರಲ್ಲ, ಕೇಳಿದ.

ಆ ಬೇಸಿಗೆಗೆ ನಾವು ಶಿಡ್ಲಘಟ್ಟದಲ್ಲಿ ಬಾಡಿಗೆ ಮನೆ ಮಾಡಿದೆವು. ಅಮ್ಮ ನಿಧಾನವಾಗಿ ಎದ್ದಳು. ಆಮೇಲೂ ಮಾತ್ರೆ ಬದಲಾಯಿತು, ಆಮೇಲೂ ಕುಸಿದಳು, ಮತ್ತೆ ಎದ್ದಳು. ಈಗ ಚಿಂತಾಮಣಿಯಲ್ಲಿ ನನ್ನ ಜೊತೆ ಇದ್ದಾಳೆ. ನಲ್ಲಿ ನೀರಿಗೆ ಜಗಳವಾಡುತ್ತಾಳೆ, ಒಬ್ಬಳೇ ಬಸ್ಸು ಹತ್ತಿ ಮುರುಗಮಲ್ಲದ ಗೆಳತಿಯ ಮನೆಗೆ ಹೋಗಿ ಬರುತ್ತಾಳೆ. ದೊಡ್ಡಮ್ಮ ಹೋದ ವರ್ಷ ತೀರಿಕೊಂಡಳು. ಅವಳ ತಿಥಿಯಲ್ಲಿ ನಾನು ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡೆ. ಜನ ಏನಾದರೂ ಅಂದುಕೊಳ್ಳಲಿ, ಪಾಯಸ ಚೆನ್ನಾಗಿತ್ತು.

ಅವತ್ತೇ ವೆಂಕಟಮ್ಮನ ಸೊಸೆಯ ಮನೆಯಲ್ಲಿ ಹುಳ ಹಣ್ಣಾಗಿತ್ತು. ಈಗ ಊರಲ್ಲಿ ಹುಳ ಸಾಕುವವರೇ ಕಡಿಮೆ. ಮುಯ್ಯಾಳೂ ಇಲ್ಲ, ಕುಂಕುಮದ ತಟ್ಟೆಯೂ ಇಲ್ಲ. ಕೂಲಿಯವರು ಆಟೋದಲ್ಲಿ ಬಂದು, ಪ್ಲಾಸ್ಟಿಕ್ ಚಂದ್ರಂಕಿಗೆ ಹುಳ ಬಿಟ್ಟು, ಸಂಜೆಗೆ ಹೋಗಿಬಿಡುತ್ತಾರೆ. ಊಟ ಮುಗಿಸಿ ಅಮ್ಮ ಅವರ ಹುಳದ ಶೆಡ್ಡಿನ ಬಾಗಿಲಿಗೆ ಹೋಗಿ ನಿಂತಳು. ಒಳಗಿದ್ದ ವೆಂಕಟಮ್ಮ ಎದ್ದು ಬಂದು, ಪ್ರೀತಿಯಿಂದಲೇ, "ನಿನಗ್ಯಾಕಮ್ಮ ಸರೋಜಾ ಆಯಾಸ, ಕೂತ್ಕೋ," ಅಂತ ಕುರ್ಚಿ ಹಾಕಿಸಿದಳು. ಅಮ್ಮ ಕೂತಳು. ಹೆಂಗಸರು ಆಯುವುದನ್ನು ನೋಡಿದಳು, ಕಾಫಿ ಕುಡಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ, "ಆವತ್ತು ನೀನು ಮನೆಮನೆಗೂ ಹೋಗಿ ಹೇಳ್ದೆಯಲ್ಲ, ಹೇಳ್ಬೇಕಾಗಿತ್ತು ಬಿಡು. ನಿಮ್ಮ ದೊಡ್ಡಮ್ಮ ಮಾಡಿದ್ದು ತಪ್ಪೇ," ಅಂದಳು. ನಾನು ಗೆದ್ದವಳ ಹಾಗೆ ಅವಳ ಕಡೆ ತಿರುಗಿದೆ.

"ಆದ್ರೆ ಅದಾದ ಮೇಲೆ ನಮ್ಮೂರಲ್ಲಿ ಯಾರೂ ನನ್ನನ್ನ ಹುಳ ಆಯಕ್ಕೆ ಕರೀಲೇ ಇಲ್ಲ ಕಣೇ. ಕಾಯಿಲೆಯವಳು ಅಂತ ಎಲ್ಲರೂ ಕುರ್ಚಿ ಹಾಕ್ತಾರೆ."

ಇದನ್ನೂ ದೊಡ್ಡಮ್ಮನ ತಲೆಗೇ ಕಟ್ಟಿದೆ. ಅವಳಲ್ಲದೆ ಇನ್ಯಾರು ಕಾರಣ? ಅಮ್ಮ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಬಸ್ಸು ಅಷ್ಟು ಕುಲುಕುತ್ತಿದ್ದರೂ ಅವಳ ಬೆರಳು ಒಂದಿಷ್ಟೂ ನಡುಗುತ್ತಿರಲಿಲ್ಲ.